ಸವೆಯುವ ಸ್ಟಿಕ್ ಮತ್ತು ದುಬಾರಿ ಕಂಟ್ರೋಲರ್

ಸುಮಾರು ಎರಡು ವರ್ಷಗಳಿಂದ ನಾನು ಸೋನಿಯವರ ಡ್ಯುಯಲ್‌ಸೆನ್ಸ್ ಎಡ್ಜ್ ಎಂಬ ವೈರ್‌ಲೆಸ್ ಕಂಟ್ರೋಲರ್‌ನಲ್ಲಿ ವಿಡಿಯೋ ಗೇಮ್ ಆಡುತ್ತಿದ್ದೇನೆ. 2023ರ ಜನವರಿಯಲ್ಲಿ ಇದು ಬಿಡುಗಡೆಯಾದಾಗ ಅಮೆರಿಕದಲ್ಲಿ ಇದರ ಬೆಲೆ 199.99 ಡಾಲರ್ ಇತ್ತು. ಪ್ಲೇಸ್ಟೇಷನ್ 5 ಎಂಬ ಗೇಮ್ ಯಂತ್ರದ ಜೊತೆಗೇ ಬರುವ ಸಾಮಾನ್ಯ ಡ್ಯುಯಲ್‌ಸೆನ್ಸ್ ಅನ್ನು ಬಿಡಿಯಾಗಿ ಕೊಂಡರೆ ಆಗ 69.99 ಡಾಲರ್ ಇತ್ತು. ಇದೊಂದರ ದುಡ್ಡಿಗೆ ಅಂಥವು ಹತ್ತಿರ ಹತ್ತಿರ ಮೂರು ಬರುತ್ತಿದ್ದವು. ಅಷ್ಟು ಕೊಡುವುದು ಯಾತಕ್ಕೆ ಎಂದು ಮನೆಯವರೂ ಕೇಳಿದ್ದಾರೆ, ಗೆಳೆಯರೂ ಕೇಳಿದ್ದಾರೆ. ಆ ಪ್ರಶ್ನೆಗೆ ನನ್ನ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಗಮನಕ್ಕೆ ಬರುವುದು ಹಿಂಬದಿಯ ಎರಡು ಗುಂಡಿಗಳು. ಸಾಮಾನ್ಯ ಕಂಟ್ರೋಲರ್‌ನಲ್ಲಿ ಜಿಗಿಯುವುದಕ್ಕೋ ಬಗ್ಗುವುದಕ್ಕೋ ಬಲಗೈ ಹೆಬ್ಬೆರಳು ಸ್ಟಿಕ್ ಅನ್ನು, ಅಂದರೆ ಆಟದ ನೋಟವನ್ನು ತಿರುಗಿಸುವ ಪುಟ್ಟ ಕೋಲನ್ನು, ಬಿಟ್ಟು ಗುಂಡಿಯ ಮೇಲೆ ಹೋಗಬೇಕಾಗುತ್ತದೆ, ಮತ್ತು ಆ ಅರೆಗಳಿಗೆಯಲ್ಲಿ ನೋಟವನ್ನು ತಿರುಗಿಸುವವರು ಯಾರೂ ಇರುವುದಿಲ್ಲ. ಆ ಕೆಲಸವನ್ನು ಹಿಂಬದಿಯ ಗುಂಡಿಗೆ ಒಪ್ಪಿಸಿದರೆ, ಅಲ್ಲಿಯವರೆಗೆ ಸುಮ್ಮನೆ ಕಂಟ್ರೋಲರ್ ಹಿಡಿದುಕೊಂಡಿದ್ದ ನಡುಬೆರಳು ಅದನ್ನು ಮಾಡುತ್ತದೆ, ಹೆಬ್ಬೆರಳು ಸ್ಟಿಕ್ ಮೇಲೆಯೇ ಉಳಿಯುತ್ತದೆ. ಕೈಗೆ ಇದು ರೂಢಿಯಾಗಲು ನನಗೆ ಎರಡು ವಾರ ಬೇಕಾಯಿತು. ಮೊದಲ ಕೆಲವು ದಿನ ಗಾಬರಿಯಾದಾಗಲೆಲ್ಲ ಹಳೆಯ ಅಭ್ಯಾಸವೇ ಮುಂದೆ ಬರುತ್ತಿತ್ತು. ಈಗ ಬೇರೆಯವರ ಮನೆಯಲ್ಲಿ ಸಾಮಾನ್ಯ ಕಂಟ್ರೋಲರ್ ಹಿಡಿದರೆ ಬೆರಳು ಹಿಂಬದಿಯಲ್ಲಿ ಇಲ್ಲದ ಗುಂಡಿಯನ್ನು ಹುಡುಕುತ್ತದೆ. ತೋರುಬೆರಳಿನಿಂದ ಒತ್ತುವ ಗುಂಡಿಯಾದ ಟ್ರಿಗರ್ ಅನ್ನು ಎಷ್ಟು ಆಳಕ್ಕೆ ಒತ್ತಬೇಕೆಂಬುದನ್ನು ಮೂರು ಹಂತಗಳಲ್ಲಿ ನಿಲ್ಲಿಸುವ ಸೌಲಭ್ಯವೂ ಇದೆ. ಕಾರ್ ರೇಸಿಗೆ ಪೂರ್ತಿ ಆಳ ಬೇಕು, ಗುಂಡು ಹಾರಿಸುವ ಆಟಕ್ಕೆ ಕೂದಲೆಳೆಯಷ್ಟು ಸಾಕು.

ಆದರೆ ಇವಿಷ್ಟಕ್ಕೇ ನಾನು ಅಷ್ಟು ಹಣ ಕೊಡುತ್ತಿರಲಿಲ್ಲ. ಕೊಟ್ಟ ಕಾರಣ ಬೇರೆ.

ಇದಕ್ಕಿಂತ ಮೊದಲು ನನ್ನ ಬಳಿ ಇನ್ನೊಂದು ಕಂಪನಿಯ ದುಬಾರಿ ಕಂಟ್ರೋಲರ್ ಇತ್ತು. ಕೊಂಡ ಹದಿನಾಲ್ಕನೆಯ ತಿಂಗಳಿಗೆ, ವಾರಂಟಿ ಮುಗಿದ ಮೇಲೆ, ಎಡಗಡೆಯ ಸ್ಟಿಕ್ ಮುಟ್ಟದೆಯೇ ಆಟಗಾರ ತಾನಾಗಿ ಒಂದು ಕಡೆ ನಡೆಯತೊಡಗಿದ. ಆಡುವವರು ಇದನ್ನು ಡ್ರಿಫ್ಟ್ ಎನ್ನುತ್ತಾರೆ. ಸರ್ವಿಸ್ ಸೆಂಟರಿನಲ್ಲಿ ರಿಪೇರಿಯೇ ಇಲ್ಲ, ಹೊಸದನ್ನು ತೆಗೆದುಕೊಳ್ಳಿ ಎಂದರು. ಕೊನೆಗೆ ಮೈಸೂರಿನ ನಮ್ಮ ಬಡಾವಣೆಯ ಮೊಬೈಲ್ ರಿಪೇರಿ ಅಂಗಡಿಗೆ ಕೊಂಡೊಯ್ದೆ. ಅಂಗಡಿಯವರು ಬಿಚ್ಚಿ ನೋಡಿ, "ಸರ್, ಈ ಸ್ಟಿಕ್ ಒಂದಕ್ಕೇ ಹದಿನಾಲ್ಕು ಕಡೆ ಬೆಸುಗೆ ಹಾಕಿದ್ದಾರೆ. ಅಷ್ಟನ್ನೂ ಬಿಡಿಸುವಾಗ ಬೋರ್ಡ್ ಸುಟ್ಟರೆ ನನ್ನನ್ನು ಬೈಯಬೇಡಿ" ಎಂದರು. ಬೋರ್ಡ್ ಸುಡಲಿಲ್ಲ, ಅವರ ಕೈ ಅಷ್ಟು ನಿಖರವಾಗಿತ್ತು. ಆದರೆ ಸವೆಯುವುದು ಖಚಿತವೆಂದು ಮೊದಲೇ ಗೊತ್ತಿರುವ ಭಾಗವನ್ನು ಹದಿನಾಲ್ಕು ಕಡೆ ಬೆಸೆದು ಇಟ್ಟವರ ಮೇಲಿನ ಸಿಟ್ಟು ನನಗೆ ಇಂದಿಗೂ ಹೋಗಿಲ್ಲ.

ಖಚಿತ ಎಂದು ನಾನು ಸುಮ್ಮನೆ ಹೇಳುತ್ತಿಲ್ಲ. ಹೆಚ್ಚಿನ ಕಂಟ್ರೋಲರ್‌ಗಳ ಸ್ಟಿಕ್‌ನ ಒಳಗೆ ಪೊಟೆನ್ಷಿಯೋಮೀಟರ್ ಇರುತ್ತದೆ, ಅಂದರೆ ಇಂಗಾಲ ಲೇಪಿಸಿದ ಒಂದು ಪಟ್ಟಿ ಮತ್ತು ಅದರ ಮೇಲೆ ಉಜ್ಜುತ್ತಾ ಸರಿಯುವ ಲೋಹದ ಸಣ್ಣ ನಾಲಗೆ. ಹಳೆಯ ರೇಡಿಯೋದ ವಾಲ್ಯೂಮ್ ತಿರುಗಣೆ ವರ್ಷಗಳು ಕಳೆದಂತೆ ಕರಕರ ಎನ್ನುತ್ತಿದ್ದುದೂ ಇದೇ ಬಗೆಯ ಸವೆತದಿಂದ. ಇದಕ್ಕೆ ಪರಿಹಾರ ಹೊಸದೇನೂ ಅಲ್ಲ. 1879ರಲ್ಲಿ ಎಡ್ವಿನ್ ಹಾಲ್ ಕಂಡುಕೊಂಡ ವಿದ್ಯಮಾನವನ್ನು ಆಧರಿಸಿ, ಅಯಸ್ಕಾಂತ ಸರಿದಾಡಿದ್ದನ್ನು ಮುಟ್ಟದೆಯೇ ಗುರುತಿಸುವ ಹಾಲ್ ಸೆನ್ಸರ್‌ಗಳಿವೆ. ಜಪಾನಿನಲ್ಲಿ 1998ರಲ್ಲಿ ಬಂದ ಸೆಗಾ ಡ್ರೀಮ್‌ಕಾಸ್ಟ್‌ನ ಕಂಟ್ರೋಲರ್‌ನಲ್ಲಿ ಅವು ಆಗಲೇ ಇದ್ದವು. ಉಜ್ಜುವ ಭಾಗವೇ ಇಲ್ಲದ ಕಡೆ ಆ ಸವೆತಕ್ಕೂ ಜಾಗವಿಲ್ಲ. ಇಂದು ಗಲಿಕಿಟ್, 8ಬಿಟ್‌ಡೊ ಮುಂತಾದ ಕಂಪನಿಗಳು ಎಷ್ಟೋ ಕಡಿಮೆ ಬೆಲೆಯ ಕಂಟ್ರೋಲರ್‌ಗಳಲ್ಲೂ ಇವನ್ನು ಅಳವಡಿಸುತ್ತಿರುವಾಗ, ದೊಡ್ಡ ಕಂಪನಿಗಳ ಅತಿ ದುಬಾರಿ ಮಾದರಿಗಳು ಇನ್ನೂ ಹಳೆಯ ಪಟ್ಟಿಗೇ ಅಂಟಿಕೊಂಡಿರುವುದು ನನ್ನ ದೃಷ್ಟಿಯಲ್ಲಿ ಸರಿಯಲ್ಲ.

ಎಡ್ಜ್‌ನಲ್ಲೂ ಇರುವುದು ಪೊಟೆನ್ಷಿಯೋಮೀಟರೇ. ಆದರೆ ಅದನ್ನು ರೂಪಿಸಿದವರು ಸವೆತವನ್ನು ಒಪ್ಪಿಕೊಂಡು ದಾರಿ ಮಾಡಿಕೊಟ್ಟಿದ್ದಾರೆ. ಹಿಂಬದಿಯ ಪುಟ್ಟ ಚಿಲಕವನ್ನು ಸರಿಸಿದರೆ ಮುಂದಿನ ಕಪ್ಪು ಮುಚ್ಚಳ ಬಿಡುತ್ತದೆ. ಸ್ಟಿಕ್‌ನ ಪಕ್ಕದ ಸನ್ನೆಯನ್ನು ಮೇಲೆತ್ತಿದರೆ ಇಡೀ ಸ್ಟಿಕ್ ಮಾಡ್ಯೂಲ್ ಕೈಗೆ ಬರುತ್ತದೆ. ಸ್ಕ್ರೂಡ್ರೈವರ್ ಬೇಡ, ಬೆಸುಗೆ ಬೇಡ. ಬಿಡಿ ಮಾಡ್ಯೂಲ್‌ಗೆ ಅಮೆರಿಕದಲ್ಲಿ ಇಟ್ಟ ಬೆಲೆ 19.99 ಡಾಲರ್. ತಂದ ಮೊದಲ ದಿನವೇ ನಾನು ಅದನ್ನು ತೆಗೆದು, ಮತ್ತೆ ಕೂರಿಸಿ ನೋಡಿದೆ. ಒಂದು ನಿಮಿಷವೂ ಹಿಡಿಯಲಿಲ್ಲ. ಕೊಟ್ಟ ಹಣ ಸಾರ್ಥಕ ಎನಿಸಿದ್ದು ಆಗ, ಆಟ ಆರಂಭಿಸುವುದಕ್ಕೂ ಮೊದಲೇ.

ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ರಚಿಸಿದಾಗ ಕೃಷಿ ಯಂತ್ರ, ಮೊಬೈಲ್, ಗೃಹೋಪಯೋಗಿ ವಸ್ತು ಹಾಗೂ ವಾಹನಗಳನ್ನು ಮೊದಲಿಗೆ ಆರಿಸಿಕೊಂಡಿತ್ತು. ಆಟದ ಸಾಧನಗಳನ್ನೂ ಹೆಸರಿಟ್ಟು ಆ ಸಾಲಿಗೆ ಸೇರಿಸಬೇಕೆಂಬುದು ನನ್ನ ಆಗ್ರಹ. ಆಟ ತಾನೇ ಎಂದು ಇದನ್ನು ಬದಿಗಿಡುವವರಿಗೆ ಇದರಲ್ಲಿ ಹೋಗುವ ಹಣದ ಅಂದಾಜಿಲ್ಲ.

ವೈರ್‌ಲೆಸ್ ಬಗ್ಗೆಯೂ ಎರಡು ಮಾತು. ನಾನು ಆಡುವ ಫುಟ್‌ಬಾಲ್ ಆಟಗಳಲ್ಲಿ ವೈರ್ ಇಲ್ಲದ್ದರಿಂದ ತಡವಾಯಿತು ಎಂದು ನನಗೆ ಒಮ್ಮೆಯೂ ಅನಿಸಿಲ್ಲ. ಮಂಚದ ಮೇಲೆ ಕಾಲು ಚಾಚಿ ಆಡುವ ಸುಖವನ್ನು ನಾನು ಇನ್ನು ಬಿಟ್ಟುಕೊಡಲಾರೆ. ಆದರೆ ವೈರ್ ಇಲ್ಲದ ಮೇಲೆ ಬ್ಯಾಟರಿಯೇ ಜೀವ, ಮತ್ತು ಎಡ್ಜ್‌ನಲ್ಲಿ ಅದು 1050 ಎಂಎಎಚ್ ಮಾತ್ರ. ಸಾಮಾನ್ಯ ಡ್ಯುಯಲ್‌ಸೆನ್ಸ್‌ನಲ್ಲಿರುವುದು 1560. ಲಿಥಿಯಂ ಬ್ಯಾಟರಿಯೂ ಸ್ಟಿಕ್‌ನಂತೆಯೇ ಸವೆಯುವ ವಸ್ತು, ಚಾರ್ಜ್ ಆದಷ್ಟೂ ಬಾರಿ ಅದರ ಆಯುಸ್ಸು ತಗ್ಗುತ್ತದೆ, ಆದರೂ ಅದನ್ನು ಒಳಗಡೆ ಸ್ಕ್ರೂಗಳ ಹಿಂದೆ ಮುಚ್ಚಿಟ್ಟಿದ್ದಾರೆ. ಎಕ್ಸ್‌ಬಾಕ್ಸ್‌ನ ಸಾಮಾನ್ಯ ಕಂಟ್ರೋಲರ್‌ಗೆ ಕಿರಾಣಿ ಅಂಗಡಿಯಲ್ಲಿ ಸಿಗುವ ಎರಡು ಡಬಲ್ ಎ ಸೆಲ್ ಸಾಕು. ಸ್ಟಿಕ್‌ಗೆ ಚಿಲಕ ಮತ್ತು ಸನ್ನೆ ಇಡುವಷ್ಟು ಯೋಚಿಸಿದವರು ಮುಂದಿನ ಮಾದರಿಯಲ್ಲಿ ಬ್ಯಾಟರಿಗೂ ಅಂಥದ್ದೇ ಒಂದು ಬಾಗಿಲು ಇಡಲಿ. ಅದಕ್ಕೆ ಇನ್ನೂ ಸ್ವಲ್ಪ ಹೆಚ್ಚು ಹಣ ಕೇಳಿದರೂ ನಾನು ಕೊಡುತ್ತೇನೆ.