ಹತ್ತು ಬೆರಳೂ ಫೇಲಂತೆ

ರೇಷನ್ ಅಂಗಡಿ, ಬೆರಳಚ್ಚು ಕೊಟ್ಟರೇನೇ ಅಕ್ಕಿ. ಅಜ್ಜಿಯ ಹೆಬ್ಬೆಟ್ಟು ಆಯ್ತು, ತೋರುಬೆರಳು ಆಯ್ತು, ಆಮೇಲೆ ಎಡಗೈ. "ಒರೆಸ್ಕೊಂಡು ಇಡಜ್ಜಿ." ಸೆರಗಲ್ಲಿ ಒರೆಸಿ ಇಟ್ಟಳು. "ಒತ್ತಿ ಇಡಜ್ಜಿ." ಒತ್ತಿದಳು. "ಅಷ್ಟೊಂದು ಒತ್ತಬೇಡ ಮಾರಾಯ್ತಿ!" ಕೊನೆಗೆ ಅಂಗಡಿಯವನೇ ಆಕೆಯ ಬೆರಳು ಹಿಡಿದು ಗಾಜಿನ ಮೇಲೆ ಒತ್ತಿದ, ಸೀಲು ಒತ್ತೋ ಹಾಗೆ. ಸಾಲಲ್ಲಿದ್ದ ಯಾರೋ "ಬೇಗ ಮುಗಿಸ್ರಪ್ಪಾ, ಸರ್ವರ್ ಹೋಗುತ್ತೆ" ಅಂದರು. "ನಿನ್ನ ಕೈಯಲ್ಲಿ ಗೆರೇನೇ ಇಲ್ಲ, ಮುಂದಿನ ತಿಂಗಳು ಬಾ." ಯಾರೋ ನಕ್ಕರು ಕೂಡ. ಅಜ್ಜಿ ಕೈಯನ್ನ ಸೆರಗೊಳಗೆ ಮುಚ್ಚಿಟ್ಟುಕೊಂಡಳು, ಕದ್ದು ಸಿಕ್ಕಿಬಿದ್ದವರ ಹಾಗೆ.

ಗೆರೆ ಎಲ್ಲಿಂದ ಬರಬೇಕು? ಕಳೆ ಕಿತ್ತು, ಪಾತ್ರೆ ತಿಕ್ಕಿ, ಸಿಮೆಂಟು ಕಲಸಿದ ಕೈ. ಸುಣ್ಣ ಸಿಮೆಂಟು ಗೆರೆ ತಿನ್ನುತ್ತೆ, ವಯಸ್ಸಾದ ಮೇಲೆ ಚರ್ಮ ಒಣಗಿ ಉಳಿದದ್ದೂ ಮೂಡಲ್ಲ. ಒದ್ದೆ ಬಟ್ಟೆಯಲ್ಲಿ ಬೆರಳು ಒರೆಸಿ, ಆ ಜಿಡ್ಡು ಗಾಜನ್ನೂ ಒರೆಸಿದರೆ ಒಮ್ಮೊಮ್ಮೆ ಹಿಡಿಯುತ್ತೆ. ಗಾಜು ಒರೆಸೋ ವ್ಯವಧಾನ ಯಾರಿಗಿದೆ? ಒಟಿಪಿ ತಗೊಳ್ಳಿ ಅಂತೀರಾ? ಆಧಾರಿಗೆ ಕೊಟ್ಟ ನಂಬರು ಊರು ಬಿಟ್ಟ ಮಗನ ಹಳೇ ಸಿಮ್ಮಿನದು. ಮನೇಲಿ ಬೇರೆಯವರು ಕೊಡಲಿ ಅಂದ್ರೆ ಕಾರ್ಡಲ್ಲಿ ಇರೋದು ಆಕೆ, ಇಬ್ಬರು ಪುಟ್ಟ ಮೊಮ್ಮಕ್ಕಳು. ಬೆರಳಚ್ಚು ಅಪ್‌ಡೇಟ್ ಮಾಡಿಸಬೇಕಂತೆ. ಸವೆದ ಬೆರಳನ್ನೇ ಮತ್ತೆ ಸ್ಕ್ಯಾನ್ ಮಾಡಿ ಏನು ಸಿಗುತ್ತೆ?

ಅಂಗಡಿಯವನನ್ನ ಬೈದು ಪ್ರಯೋಜನ ಇಲ್ಲ. ಮೆಷಿನ್ನಲ್ಲಿ ಬಿಲ್ಲಾಗದೆ ಕೊಟ್ಟರೆ ಸ್ಟಾಕು ತಾಳೆಯಾಗಲ್ಲ, ಅವನ ತಲೆಗೇ ಬರುತ್ತೆ. ಅಲ್ಲ, ಯಾಕೆ ಬೈಬಾರದು? 2017ರಲ್ಲೇ ಕೇಂದ್ರ ಆದೇಶ ಮಾಡಿದೆ: ಬೆರಳು ಹಿಡಿಯದಿದ್ದರೆ ಆಧಾರ್ ಕಾರ್ಡ್, ರೇಷನ್ ಕಾರ್ಡ್ ನೋಡಿ ಧಾನ್ಯ ಕೊಡಿ, ಅಂಥವನ್ನ ಬೇರೆ ಪುಸ್ತಕದಲ್ಲಿ ಬರೆದಿಡಿ. ಎಲ್ಲಿದೆ ಆ ಪುಸ್ತಕ? ಯಾರಾದ್ರೂ ಕಣ್ಣಲ್ಲಿ ನೋಡಿದೀರಾ? 2013ರ ಆಹಾರ ಭದ್ರತಾ ಕಾಯ್ದೆ, 8ನೇ ಸೆಕ್ಷನ್: ಧಾನ್ಯ ಕೊಡದಿದ್ದರೆ ರಾಜ್ಯ ಸರ್ಕಾರ ಭತ್ಯೆ ಕೊಡಬೇಕು. ಅಬ್ಬಬ್ಬಾ, ಸೆಕ್ಷನ್ ನಂಬರೆಲ್ಲ ನನಗೆ ಬಾಯಿಪಾಠ! ಎಸರಿಗೆ ಹಾಕಿದ್ರೆ ಬೇಯುತ್ತಾ?

ಕಡುಬಡವರಿಗೆ ಕೊಡೋ ಅಂತ್ಯೋದಯ ಕಾರ್ಡು ಅದು, ತಿಂಗಳಿಗೆ 35 ಕೆಜಿ. "ಒಂದು ತಿಂಗಳು ತಾನೇ" ಅನ್ನೋ ಮಹಾನುಭಾವರೇ, ತಪ್ಪಿದ ತಿಂಗಳಿನದು ಮುಂದಿನ ತಿಂಗಳಿಗೆ ಸೇರಲ್ಲ, ಹೋಯ್ತು ಅಂದ್ರೆ ಹೋಯ್ತು. ಅಕ್ಕಿ ಇಲ್ಲದೆ ನಡೆಯಲ್ಲ, ಕೈಗಡ ಮಾಡಿ ತರ್ತಾರೆ. ಮೊದಲು ಬಿಡೋದು ಬೇಳೆ, ಆಮೇಲೆ ಮೊಟ್ಟೆ, ಆಮೇಲೆ ಬಿಪಿ ಮಾತ್ರೆ. ತಟ್ಟೆಯಲ್ಲಿ ಅನ್ನ ಕಾಣುತ್ತೆ, ಹಾಗಾಗಿ ಹಸಿವು ಅಂತ ಯಾರ ಲೆಕ್ಕಕ್ಕೂ ಬರಲ್ಲ. ಆ ಸಾಲ ತೀರೋದು ಮುಂದಿನ ಪಿಂಚಣಿಯಲ್ಲಿ, ಅಲ್ಲಿಗೆ ಎರಡನೇ ತಿಂಗಳ ಬೇಳೆಯೂ ಹೋಯ್ತು.

ಹೋಗ್ಲಿ ಬಿಡಿ. ರೇಷನ್ ದೂರು ಹೇಳೋ ನಂಬರು 1967ಕ್ಕೆ ಫೋನ್ ಮಾಡಿ ಅಂತ ಯಾರಾದ್ರೂ ಹೇಳ್ತೀರಿ, ಮಾಡಬಹುದು. ಆದರೆ ಇವತ್ತು ತಾರೀಖು 30. ಆ ಪುಸ್ತಕ ಯಾವ ಅಂಗಡಿಯಲ್ಲಿದೆ, ಅದನ್ನ ಮೊದಲು ಹೇಳಿ.