ಹುಲ್ಲು ಹಸಿರು ಅಂದರೆ ಯಾವ ಹುಲ್ಲು?

ಭಾನುವಾರ ಬೆಳಿಗ್ಗೆ ಆರೂವರೆಗೆ ನಾನು ಮನೆ ಮುಂದಿನ ಹುಲ್ಲಿನಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದೆ. ಎಡಗೈಯಲ್ಲಿ ಭೂತಗನ್ನಡಿ. ಬಲಗೈಯ ಎರಡು ಬೆರಳ ನಡುವೆ 28 ಮಿಲಿಮೀಟರ್ ಎತ್ತರದ ಒಬ್ಬ ಬ್ರಿಟಿಷ್ ಸಿಪಾಯಿ. ಅವನ ಕಾಲರನ್ನು ಒಂದು ಗರಿಕೆ ಎಸಳಿನ ಪಕ್ಕ ಹಿಡಿದು ನೋಡುತ್ತಿದ್ದೆ.

"ಏನ್ ಸಾರ್, ಏನಾದ್ರೂ ಬೀಳಿಸ್ಕೊಂಡ್ರಾ?" ಪಕ್ಕದ ಮನೆಯ ರಾಯರು ಕಾಂಪೌಂಡ್ ಮೇಲಿಂದ ಇಣುಕಿದರು.

"ಇಲ್ಲ ರಾಯರೇ, ಬಣ್ಣ ನೋಡ್ತಿದ್ದೆ."

ಬಣ್ಣ ಅಂದದ್ದು ಅವರಿಗೆ ಚಿನ್ನ ಅಂತ ಕೇಳಿಸಿತು. ಪಂಚೆ ಎತ್ತಿ ಕಟ್ಟಿ ಬಂದೇಬಿಟ್ಟರು. ನಾನು ಬಾಯಿ ತೆರೆಯುವಷ್ಟರಲ್ಲಿ ಮೊಣಕಾಲೂರಿ ಹುಲ್ಲು ಕೆದಕತೊಡಗಿದರು. "ಒಂದೇ ಓಲೆನಾ, ಜೊತೆನಾ? ತಿರುಪು ಸಮೇತ ಬಿದ್ದಿದ್ಯಾ?" ಅಂತ ಪಿಸುಗುಟ್ಟಿ ಕೇಳಿದರು. ಹೆಂಗಸರಿಗೆ ಗೊತ್ತಾಗಬಾರದು ಎನ್ನುವ ಕಾಳಜಿ. ಐದು ನಿಮಿಷ ಹುಡುಕಿದ ಮೇಲೆ ನಾನು ಸಿಪಾಯಿಯನ್ನು ತೋರಿಸಿ ವಿಷಯ ಹೇಳಿದೆ. ಅವರು ನನ್ನನ್ನೂ ಸಿಪಾಯಿಯನ್ನೂ ಒಮ್ಮೆ ನೋಡಿದರು. "ಓಲೆಯೇ ಕಳೆದಿದ್ರೆ ವಾಸಿಯಿತ್ತು" ಅಂದರು.

ವಿಷಯ ಇಷ್ಟೇ. ಪುಟ್ಟ ಗೊಂಬೆ ಸಿಪಾಯಿಗಳಿಗೆ ಅವರವರ ಕಾಲದ ಅಸಲಿ ಬಣ್ಣ ಹಚ್ಚುವುದು ನನ್ನ ಹವ್ಯಾಸ. ಡಬ್ಬದಲ್ಲಿ ಬಂದ ನನ್ನ 12 ಜನ 1879ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಬ್ರಿಟಿಷರಿಗೂ ಜುಲು ಜನರಿಗೂ ನಡೆದ ಯುದ್ಧದವರು, 24ನೇ ಫೂಟ್ ರೆಜಿಮೆಂಟು, ಅಂದರೆ ಕಾಲಾಳು ಪಡೆ. ಕೋಟು ಕೆಂಪು. ಪ್ಯಾಂಟು ಹೆಚ್ಚುಕಡಿಮೆ ಕಪ್ಪೇ ಎನ್ನಿಸುವ ನೀಲಿ, ಪಕ್ಕದಲ್ಲಿ ಕೆಂಪು ಗೆರೆ. ಇಲ್ಲಿಯವರೆಗೆ ಯಾರು ಬೇಕಾದರೂ ಹಚ್ಚಬಹುದು. ತೊಂದರೆ ಇರುವುದು ಕಾಲರ್ ಮತ್ತು ತೋಳಿನ ತುದಿಯಲ್ಲಿ. ಅದಕ್ಕೆ ಫೇಸಿಂಗ್ ಅನ್ನುತ್ತಾರೆ. ಒಂದೊಂದು ರೆಜಿಮೆಂಟಿಗೆ ಒಂದೊಂದು ಬಣ್ಣ. 24ನೆಯವರದು 'ಹುಲ್ಲು ಹಸಿರು'.

ಬರೆದಿಟ್ಟವರು ಪುಣ್ಯಾತ್ಮರು. ಯಾವ ಹುಲ್ಲು, ಯಾವ ತಿಂಗಳ ಹುಲ್ಲು ಅಂತ ಒಂದು ಮಾತು ಸೇರಿಸಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಒಂದೇ ಎಸಳಲ್ಲಿ ಬುಡ ಬಿಳಿ, ನಡು ಹಸಿರು, ತುದಿ ಕಂದು. ನನ್ನ ಬಳಿ ಹನ್ನೊಂದು ಬಾಟಲಿ ಹಸಿರು ಇದೆ. ಹನ್ನೊಂದನ್ನೂ ಸಾಲಾಗಿ ಕಾಗದದ ಮೇಲೆ ಬಳಿದು ಹೆಂಡತಿಗೆ ತೋರಿಸಿದೆ. ರವಿಕೆ ಕಣಕ್ಕೆ ಮ್ಯಾಚಿಂಗ್ ಹುಡುಕಿ ಪಳಗಿದ ಕಣ್ಣು ಅವಳದು. "ಇದು ಗಿಳಿ ಹಸಿರು, ಇದು ಪಾಚಿ, ಇದು ಬಾಟಲ್ ಗ್ರೀನ್, ಇದು ರಾಮಾ ಗ್ರೀನ್" ಅಂತ ಪಟಪಟ ಹೇಳಿದಳು. ಹುಲ್ಲು ಯಾವುದು ಅಂದರೆ, "ಹುಲ್ಲು ಅಂತ ಕಲರ್ರೇ ಇಲ್ಲ ರೀ" ಅಂದುಬಿಟ್ಟಳು.

ಬಣ್ಣ ಸಿಕ್ಕರೂ ಕತೆ ಮುಗಿಯುವುದಿಲ್ಲ. ಆರಡಿ ಆಳಿನ ಕೋಟಿನ ಬಣ್ಣವನ್ನು ಹಾಗೇ ತಂದು ಒಂದಿಂಚಿನ ಆಳಿಗೆ ಹಚ್ಚಿದರೆ ಕಪ್ಪಿಟ್ಟ ಹಾಗೆ ಕಾಣುತ್ತದೆ. ಗೊಂಬೆ ಚಿಕ್ಕದಾದಷ್ಟೂ ಬಣ್ಣ ತಿಳಿಯಾಗಬೇಕು. ಅಂದರೆ ನಿಜವಾದ ಬಣ್ಣವನ್ನು ಕಷ್ಟಪಟ್ಟು ಹುಡುಕಿ, ಆಮೇಲೆ ಬೇಕಂತಲೇ ಕೆಡಿಸಬೇಕು! 1881ರಲ್ಲಿ ಬ್ರಿಟಿಷ್ ಸರ್ಕಾರಕ್ಕೇ ಈ ಗೋಜಲು ಸಾಕಾಗಿತ್ತೋ ಏನೋ. ಇಂಗ್ಲೆಂಡ್ ಮತ್ತು ವೇಲ್ಸಿನವರಿಗೆ ಬಿಳಿ, ಸ್ಕಾಟ್ಲೆಂಡಿನವರಿಗೆ ಹಳದಿ, ಐರ್ಲೆಂಡಿನವರಿಗೆ ಹಸಿರು, ರಾಯಲ್ ಅನ್ನಿಸಿಕೊಂಡವರಿಗೆ ನೀಲಿ ಅಂತ ಒಂದೇ ಏಟಿಗೆ ಮುಗಿಸಿತು. ನಮ್ಮ 24ನೆಯವರಿಗೂ ಬಿಳಿ ಬಂತು. ಬಂದದ್ದನ್ನು ತೊಟ್ಟುಕೊಂಡು ಸುಮ್ನೆ ಇರಬೇಕು ತಾನೇ? ಇರಲಿಲ್ಲ. 1905ರಲ್ಲಿ ಹುಲ್ಲು ಹಸಿರನ್ನು ವಾಪಸ್ ಪಡೆದುಕೊಂಡರು. ಎರಡೇ ವರ್ಷ ಆಚೆಯ ಯುದ್ಧ ಆರಿಸಿಕೊಂಡಿದ್ದರೆ ಬಿಳಿ ಬಳಿದು ಮಲಗಬಹುದಿತ್ತು ಅಂತ ಎಷ್ಟೋ ರಾತ್ರಿ ಅನ್ನಿಸಿದೆ.

ಇದರ ನಡುವೆ ಅಪ್ಪನದು ಬೇರೆ ತಕರಾರು. "ಅಲ್ವೋ, ನಮ್ಮನ್ನ ಆಳಿ ಹೋದವರಿಗೆ ನೀನು ಕೂತು ಬಟ್ಟೆ ತೊಡಿಸ್ತಿದ್ದೀಯಲ್ಲೋ! ಟಿಪ್ಪು ಕಡೆಯವರನ್ನಾದ್ರೂ ಮಾಡು." ನ್ಯಾಯವಾದ ಮಾತು. 1799ರ ಶ್ರೀರಂಗಪಟ್ಟಣಕ್ಕೆ ಕೈಹಾಕಿದೆ. ಟಿಪ್ಪುವಿನ ಕಾಲಾಳುಗಳ ಬಟ್ಟೆ ನೇರಳೆ, ಅದರ ಮೇಲೆ ಬಬ್ರಿ ಅನ್ನುವ ಹುಲಿಪಟ್ಟೆ. ಒಂದಿಂಚಿನ ಆಳಿನ ಬೆನ್ನ ಮೇಲೆ ಹುಲಿಪಟ್ಟೆ ಎಳೆಯಬೇಕಾದರೆ ಉಸಿರು ಬಿಗಿಹಿಡಿಯಬೇಕು. ಹಿಡಿದೆ. ಮೂರನೇ ಪಟ್ಟೆಗೆ ಸೀನು ಬಂತು. ಅಪ್ಪ ಕನ್ನಡಕ ಏರಿಸಿ, ತಿರುಗಿಸಿ ತಿರುಗಿಸಿ ನೋಡಿದರು. "ಬದನೆಕಾಯಿಗೆ ಹುಳ ಬಿದ್ದ ಹಾಗಿದೆ" ಅಂದರು.

ಎದುರು ಪಕ್ಷಕ್ಕೆ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿಯ 33ನೇ ರೆಜಿಮೆಂಟನ್ನು ಆರಿಸಿಕೊಂಡೆ. ಅದಕ್ಕೆ ದೇಶಭಕ್ತಿಗೆ ಸಂಬಂಧವಿಲ್ಲದ ಕಾರಣ ಇತ್ತು. ಅವರ ಫೇಸಿಂಗೂ ಕೆಂಪು! ಕೋಟು ಕೆಂಪು, ಕಾಲರ್ ಕೆಂಪು. ತಪ್ಪೋಕೆ ಜಾಗವೇ ಇಲ್ಲ ಅಂತ ಒಂದೇ ಸಂಜೆಯಲ್ಲಿ ಇಪ್ಪತ್ತು ಜನರಿಗೆ ಬಳಿದು ಮುಗಿಸಿದೆ. ಆಮೇಲೆ ಓದಿದೆ, ಕೆಂಪು ಒಂದೇ ಅಲ್ಲವಂತೆ. ಸಾಮಾನ್ಯ ಸಿಪಾಯಿಯ ಕೋಟಿಗೆ ನಮ್ಮ ಮಂಜಿಷ್ಠದ ಜಾತಿಯ ಒಂದು ಬೇರಿನ ಬಣ್ಣ. ಮಂಕು ಇಟ್ಟಿಗೆ ಕೆಂಪು. ಆಫೀಸರ್ ಕೋಟಿಗೆ ಪಾಪಾಸುಕಳ್ಳಿ ಮೇಲೆ ಬದುಕುವ ಕೊಚಿನೀಲ್ ಹುಳದ ಬಣ್ಣ, ಕಣ್ಣು ಕುಕ್ಕುವ ಕಡುಗೆಂಪು. ನನ್ನ ಇಪ್ಪತ್ತೂ ಜನ ಆಫೀಸರ್ ಕೆಂಪಿನಲ್ಲಿ ನಿಂತಿದ್ದರು. ಎಲ್ಲರೂ ಹುಕುಂ ಕೊಡುವವರೇ, ಬಂದೂಕು ಹೊರುವವರು ಯಾರೂ ಇಲ್ಲ. ಮಂಕು ಮಾಡೋಣ ಅಂತ ಸ್ವಲ್ಪ ಬಿಳಿ ಬೆರೆಸಿದೆ. ಕೆಂಪಿಗೆ ಬಿಳಿ ಬೆರೆಸಿದರೆ ಏನಾಗುತ್ತದೆ ಅಂತ ಒಂದನೇ ಕ್ಲಾಸಿನ ಮಗುವಿಗೂ ಗೊತ್ತು. ನನಗೆ ಆ ಕ್ಷಣ ಹೊಳೆಯಲಿಲ್ಲ. ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಲು ಗುಲಾಬಿ ಬಣ್ಣದ ದಂಡು ಬಂದು ನಿಂತಿತು. ಆ ದಂಡು ಇನ್ನೂ ಬೂಟಿನ ಡಬ್ಬದಲ್ಲಿದೆ.

ಮತ್ತೆ ಜುಲು ಯುದ್ಧಕ್ಕೆ ಬರೋಣ. ಹೆಲ್ಮೆಟ್ಟಿನ ಕೆಲಸ ಬಾಕಿಯಿತ್ತು. ಬಿಳಿ ಹೆಲ್ಮೆಟ್ಟು ಬಿಸಿಲಿಗೆ ಫಳಫಳ ಹೊಳೆದು ಶತ್ರುವಿಗೆ ಒಳ್ಳೆ ಗುರಿಯಾಗುತ್ತಿತ್ತು. ಅದಕ್ಕೆ ಆ ಸಿಪಾಯಿಗಳು ಚಹಾ, ಕಾಫಿ, ಕೆಸರು ಏನು ಸಿಕ್ಕಿತೋ ಅದನ್ನು ಬಳಿದು ಮಂಕು ಮಾಡಿಕೊಳ್ಳುತ್ತಿದ್ದರು. ಓದಿದ ತಕ್ಷಣ ನನಗೆ ರೋಮಾಂಚನ. ಚಹಾದ ಬಣ್ಣದ ಪೇಂಟು ಯಾಕೆ, ಚಹಾವನ್ನೇ ಹಚ್ಚಿದರಾಯಿತು! ಇದಕ್ಕಿಂತ ಅಸಲಿ ಏನಿದೆ? ಕೈಲಿದ್ದ ಕಪ್ಪಿಗೇ ಬ್ರಶ್ ಅದ್ದಿದೆ. ಮೂರು ಸಲ ಹಚ್ಚಿದ ಮೇಲೆ ಹದವಾಗಿ ಹಿಡಿಯಿತು. ಹನ್ನೆರಡೂ ಜನರನ್ನು ಕಿಟಕಿ ಪಕ್ಕ ಸಾಲಾಗಿ ಒಣಗಲು ಇಟ್ಟು, ಬಹಳ ದಿನದ ಮೇಲೆ ನೆಮ್ಮದಿಯಾಗಿ ಮಲಗಿದೆ.

ನಾನು ಕುಡಿಯುವ ಚಹಾಕ್ಕೆ ಎರಡು ಚಮಚ ಸಕ್ಕರೆ. ಅದನ್ನು ಇಲ್ಲಿ ಹೇಳಲೇಬೇಕು.

ಬೆಳಿಗ್ಗೆ ಹೆಂಡತಿ ಕೂಗಿದಳು. "ರೀ, ನಿಮ್ಮವರು ಅಲ್ಲಾಡ್ತಿದ್ದಾರೆ!" ಹೋಗಿ ನೋಡಿದರೆ ಕಿಟಕಿಯ ಮೂಲೆಯಿಂದ ಕೆಂಪಿರುವೆಯ ಸಾಲು. ಒಬ್ಬೊಬ್ಬ ಸಿಪಾಯಿಯ ತಲೆಯ ಮೇಲೂ ಏಳೆಂಟು. ಹೆಲ್ಮೆಟ್ಟು ಕಾಣಿಸುತ್ತಲೇ ಇಲ್ಲ. 1879ರ ಜನವರಿ 22ರಂದು ಜುಲು ನಾಡಿನ ಗಡಿಯ ರೋರ್ಕ್ಸ್ ಡ್ರಿಫ್ಟ್ ಎಂಬಲ್ಲಿ ಇದೇ ರೆಜಿಮೆಂಟಿನವರು ರಾತ್ರಿಯಿಡೀ ಹೋರಾಡಿ ಜಾಗ ಉಳಿಸಿಕೊಂಡಿದ್ದರು. ಅಲ್ಲಿ ಕಾದಿದವರಲ್ಲಿ 11 ಜನಕ್ಕೆ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಬಂತು. ನನ್ನ ಕಿಟಕಿಯಲ್ಲಿ ಹೋರಾಟವೇ ನಡೆದಿರಲಿಲ್ಲ. ಹೆಂಡತಿ ಅರಿಶಿನದ ಡಬ್ಬ ತಂದು ಸುತ್ತ ಉದುರಿಸಿದಳು. ಇರುವೆ ಹೋದವು. ಅರಿಶಿನ ಹೋಗಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಲು ಹೋದಾಗ ಅರಿಶಿನ ಹರಡಿ, ಅಷ್ಟು ಕಷ್ಟಪಟ್ಟು ಹಚ್ಚಿದ್ದ ಹುಲ್ಲು ಹಸಿರು ಒಣಹುಲ್ಲಾಯಿತು.

ಇನ್ನು ಈ ಫೇಸಿಂಗ್ ಸಹವಾಸವೇ ಬೇಡ, ಖಾಕಿಗೆ ಹೋಗೋಣ ಅಂತ ತೀರ್ಮಾನಿಸಿದೆ. ಖಾಕಿಯಲ್ಲಿ ಏನಿದೆ ತಪ್ಪೋಕೆ? ಖಾಕ್ ಅಂದರೆ ಧೂಳು. 1840ರ ದಶಕದಲ್ಲಿ ಪೇಶಾವರದ ಕಡೆ ಹ್ಯಾರಿ ಲಮ್ಸ್‌ಡೆನ್ ಅನ್ನುವ ಅಧಿಕಾರಿ ತನ್ನ ಗೈಡ್ಸ್ ದಳಕ್ಕೆ ಧೂಳಿನ ಬಣ್ಣದ ಬಟ್ಟೆ ತೊಡಿಸಿದ. ಅಲ್ಲಿಂದ ಶುರು. ನಮ್ಮ ಮಂಗಳೂರಿನವರು ಇದನ್ನು ಒಪ್ಪುವುದಿಲ್ಲ. ಬಾಸೆಲ್ ಮಿಷನ್ನಿನ ನೇಯ್ಗೆ ಕಾರ್ಖಾನೆಯಲ್ಲಿ ಹಾಲರ್ ಎನ್ನುವವನು ಖಾಕಿ ಬಣ್ಣ ಕಂಡುಹಿಡಿದ ಅನ್ನುವ ಮಾತು ಅಲ್ಲಿ ಇವತ್ತಿಗೂ ಇದೆ. ಇಬ್ಬರಲ್ಲಿ ಯಾರೇ ಇರಲಿ, ಯಾವ ಊರಿನ ಧೂಳು ಅಂತ ಬರೆದಿಡಲಿಲ್ಲ. ಮತ್ತೆ ಅದೇ ಹಾಡು. 1857ರಲ್ಲಂತೂ ಬಿಳಿ ಬಟ್ಟೆ ತೊಟ್ಟಿದ್ದ ಗೋರಾ ಪಲ್ಟನ್ನುಗಳು ಚಹಾ, ಕೆಸರು, ಶಾಯಿ ಅಂತ ಸಿಕ್ಕಸಿಕ್ಕದ್ದರಲ್ಲಿ ಅದ್ದಿಕೊಂಡವು. ಒಂದು ಪಲ್ಟನ್ನು ನೀಲಿ ಬೂದಿ, ಇನ್ನೊಂದು ಕಂದು. ತೊಳೆದಾಗಲೆಲ್ಲ ಬೇರೆ. ಎಲ್ಲದಕ್ಕೂ ಹೆಸರು ಮಾತ್ರ ಖಾಕಿ. ನಾನು ಸ್ಕೂಲಿಗೆ ಹಾಕಿಕೊಂಡು ಹೋಗುತ್ತಿದ್ದ ಖಾಕಿ ಚಡ್ಡಿಯೂ ಜೂನ್‌ನಲ್ಲಿ ಒಂದು ಬಣ್ಣ, ಮಾರ್ಚ್‌ನಲ್ಲಿ ಒಂದು ಬಣ್ಣ ಇರುತ್ತಿತ್ತು. ಹಿಂಭಾಗದಲ್ಲಿ ಮೂರನೆಯದೊಂದು.

ಆದರೂ ಹಠ ಬಿಡಲಿಲ್ಲ. ರಾತ್ರಿ ಹಳದಿ ಬಲ್ಬಿನ ಕೆಳಗೆ ಏಳು ಸಲ ಬೆರೆಸಿ ಅಪ್ಪಟ ಖಾಕಿ ಸಾಧಿಸಿದೆ. ಬೆಳಿಗ್ಗೆ ಬಿಸಿಲಿಗೆ ಹಿಡಿದರೆ ಹೆಸರುಬೇಳೆ ಪಾಯಸ. ಇನ್ನೊಂದು ತಂಡಕ್ಕೆ ಮಳೆ ಹನಿಯುವ ದಿನ ವಾರ್ನಿಶ್ ಸ್ಪ್ರೇ ಹೊಡೆದೆ. ತೇವಕ್ಕೆ ಬೆಳ್ಳಗೆ ಮಂಜು ಕಟ್ಟಿಕೊಂಡಿತು. ಅದರ ಬಗ್ಗೆ ಜಾಸ್ತಿ ಹೇಳಲಾರೆ, ಸಂಕಟವಾಗುತ್ತದೆ.

ಹೀಗೆ ಖಾಕಿಯಲ್ಲಿ ಮುಳುಗಿ ಹುಲ್ಲನ್ನು ಪೂರ್ತಿ ಮರೆತಿದ್ದೆ. ಹೋದ ವಾರ ಸಂಜೆ ಬಾಗಿಲು ತಟ್ಟಿದ ಸದ್ದು. ರಾಯರು. ಹದಿನೈದು ದಿನ ಊರಿಗೆ ಹೋಗಿದ್ದರಂತೆ. ಅಂಗಿಯ ಜೇಬಿಂದ ನಾಲ್ಕು ಮಡಿಕೆಯ ಪೇಪರ್ ಪೊಟ್ಟಣ ತೆಗೆದು ನನ್ನ ಕೈಲಿಟ್ಟರು.

"ನಮ್ಮ ಗದ್ದೆ ಬದುವಿನದು ಸಾರ್. ಕಂಡ ಕೂಡಲೇ ನಿಮ್ಮ ನೆನಪಾಯ್ತು. ಅಂಥಾ ಹಸಿರು ನಾನು ಎಲ್ಲೂ ನೋಡಿಲ್ಲ. ನಿಮ್ಮ ಸಿಪಾಯಿದು ಇದೇ ಇರ್ಬೇಕು."

ಇಬ್ಬರೂ ಟೇಬಲ್ ಮೇಲೆ ಪೊಟ್ಟಣ ಬಿಚ್ಚಿದೆವು. ಒಣಗಿ ಸುರುಟಿಕೊಂಡ ಆರೇಳು ಎಸಳು. ಹಸಿರು ಹೆಸರಿಗೂ ಇರಲಿಲ್ಲ. ರಾಯರ ಮುಖ ಬಾಡಿತು.

ನಾನು ಭೂತಗನ್ನಡಿ ತಂದೆ. ಒಂದು ಎಸಳನ್ನು ಮೆಲ್ಲಗೆ ಎತ್ತಿ, ಹಾಳೆಯ ಮೇಲೆ ಬಳಿದಿಟ್ಟಿದ್ದ ಏಳು ಖಾಕಿಗಳ ಪಕ್ಕ ಒಂದೊಂದಾಗಿ ಹಿಡಿದೆ. ಮೂರನೆಯದಕ್ಕೆ ಬಂದಾಗ ಎಸಳು ಎಲ್ಲಿ ಮುಗಿಯಿತು, ಬಣ್ಣ ಎಲ್ಲಿ ಶುರುವಾಯಿತು ಗೊತ್ತಾಗಲಿಲ್ಲ.

"ರಾಯರೇ, ಇನ್ನೂ ಇದ್ಯಾ?" ಅಂದೆ.