ಕಾಲಮಿತಿ ರಾಕ್

ಉತ್ತರ ಕನ್ನಡದಲ್ಲಿ ಉತ್ಸವಗಳ ಹಂಗಾಮು ಶುರುವಾದರೆ ಆಮಂತ್ರಣ ಪತ್ರಿಕೆಯ ಕೊನೆಯಲ್ಲಿ, ವಂದನಾರ್ಪಣೆಗಿಂತಲೂ ಸಣ್ಣ ಅಕ್ಷರದಲ್ಲಿ, ಇತ್ತೀಚೆಗೆ ಒಂದು ಸಾಲು ಕಾಣಿಸತೊಡಗಿದೆ: ‘ರಾಕ್ ನೈಟ್: ಆರು ದಶಕಗಳ ಅಮರ ಗೀತೆಗಳು’. ಕಾರವಾರದ ಟ್ಯಾಗೋರ್ ಕಡಲತೀರವಿರಲಿ, ಶಿರಸಿಯ ಮೈದಾನವಿರಲಿ, ಕ್ರಮ ಒಂದೇ. ಆರು ದಶಕಕ್ಕೆ ಕೂಡಿ ಸಿಗುವುದು ಇಪ್ಪತ್ತು ನಿಮಿಷ. ಬೆಳಗಿನವರೆಗೆ ನಡೆಯುತ್ತಿದ್ದ ಯಕ್ಷಗಾನದ ಆಟವನ್ನೇ ಕಾಲಮಿತಿಗೆ ಇಳಿಸಿದವರು ನಾವು. ಇಂಗ್ಲೆಂಡಿನ ಗಿಟಾರು ಯಾವ ಲೆಕ್ಕ?

ಲೆಕ್ಕ ಹೀಗಿದೆ. ಪತ್ರಿಕೆಯಲ್ಲಿ 6 ಗಂಟೆ, ಗಣ್ಯರು ಬರುವುದು 7:30ಕ್ಕೆ. ನಾಡಗೀತೆಗೆ 2022ರಲ್ಲಿ ಸರ್ಕಾರವೇ 2 ನಿಮಿಷ 30 ಸೆಕೆಂಡ್ ಎಂದು ಆದೇಶ ಮಾಡಿದೆ, ಹಾಗಾಗಿ ಅದು ಹೊತ್ತಿಗೆ ಸರಿಯಾಗಿ ಮುಗಿಯುತ್ತದೆ. ಅಧ್ಯಕ್ಷೀಯ ನುಡಿಗೆ ಅಂಥ ಆದೇಶವಿಲ್ಲ. ವೇದಿಕೆಯ ಮೇಲೆ ಹದಿನಾರು ಜನ. ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ, ಫೋಟೋ ಸೇರಿ ತಲೆಗೆ ಎರಡು ನಿಮಿಷ, ಅಂದರೆ 32 ನಿಮಿಷ. ಬಿಟ್ಟುಹೋದವರನ್ನು ಕೆಳಗಿನಿಂದ ಹುಡುಕಿ ಕರೆತಂದು ಹೊದಿಸುವುದಕ್ಕೆ ಇನ್ನೊಂದು ಹತ್ತು. ಭಾಷಣಗಳು ಮುಗಿದು ಸೋಫಾ ಕೆಳಗಿಳಿಯುವಾಗ 9:26. ಧ್ವನಿವರ್ಧಕದ ನಿಯಮದಂತೆ 10ಕ್ಕೆ ಎಲ್ಲ ಬಂದ್. ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿವರೆಗೆ ರಿಯಾಯಿತಿ ಕೊಡಲು ಸರ್ಕಾರಕ್ಕೆ ಅವಕಾಶವಿದೆ ನಿಜ, ಅದು ಸಿನಿಮಾ ಗಾಯಕರು ಬರುವ ದಿನಕ್ಕೆ ಮೀಸಲು.

ಉಳಿದ 34 ನಿಮಿಷದಲ್ಲಿ ತಂತಿ ಜೋಡಿಸಬೇಕು. ಡ್ರಮ್ಮಿಗೆ ಕಡಿಮೆಯೆಂದರೂ ನಾಲ್ಕು ಮೈಕು (ಕಿಕ್‌ಗೊಂದು, ಸ್ನೇರ್‌ಗೊಂದು, ಮೇಲೆರಡು), ಎರಡು ಗಿಟಾರು, ಒಂದು ಬೇಸ್, ಕೀಬೋರ್ಡಿಗೆ ಎರಡು, ಹಾಡುವವರಿಗೆ ಮೂರು: ಹನ್ನೆರಡು ಚಾನೆಲ್. ಸಮಿತಿ ತರಿಸಿದ ಮಿಕ್ಸರಿನಲ್ಲಿ ಇರುವುದು ಎಂಟು. ಅದರಲ್ಲಿ ಎರಡು ‘ಭಾಷಣದ ಮೈಕು, ಮುಟ್ಟಬೇಡಿ’. ಆರು ಚಾನೆಲ್ಲಿಗೆ ಆರು ದಶಕ, ಲೆಕ್ಕ ಚೊಕ್ಕವಾಯಿತು.

ಏಸಿ ಕಾರಿನಿಂದ ಸೀದಾ ಕಡಲ ಗಾಳಿಗೆ ಬಂದ ಗಿಟಾರು ಬೆವರುತ್ತದೆ. ಪೆಟ್ಟಿಗೆ ತೆರೆದಿಟ್ಟು ಅರ್ಧ ಗಂಟೆ ಬಿಟ್ಟು ಶ್ರುತಿ ಮಾಡಿದರೆ ನಿಲ್ಲುತ್ತದೆ, ಇಲ್ಲವಾದರೆ ಎರಡನೇ ಹಾಡಿಗೇ ಇಳಿಯುತ್ತದೆ. ಉಪ್ಪು ಹಿಡಿದ ಜ್ಯಾಕು ಚರಚರ ಅನ್ನುತ್ತದೆ. ಅದಕ್ಕಿಂತ ದೊಡ್ಡದು ಜನರೇಟರಿನ ಹಮ್ಮಿಂಗು. ದೀಪಾಲಂಕಾರಕ್ಕೂ ಸೌಂಡಿಗೂ ಒಂದೇ ಫೇಸಿನಿಂದ ಎಳೆದರೆ ಬಲ್ಬುಗಳ ಗೊಣಗಾಟವೆಲ್ಲ ಆಂಪ್ಲಿಫೈಯರಿನಲ್ಲಿ ಕೇಳುತ್ತದೆ. ಬೇರೆ ಫೇಸು ಕೊಡಬೇಕು, ಅರ್ಥಿಂಗ್ ಸರಳನ್ನು ಒಣ ಮರಳು ದಾಟಿ ಹಸಿ ಸಿಗುವಷ್ಟು ಆಳಕ್ಕೆ ಇಳಿಸಬೇಕು. ನಮ್ಮಲ್ಲಿ ಪರಿಹಾರ ಬೇರೆ: ಪ್ಲಗ್ಗಿನ ಮೂರನೇ ಪಿನ್ನು, ಅಂದರೆ ಅರ್ಥಿಂಗಿನದ್ದನ್ನೇ, ಕಿತ್ತು, ವೈರು ಸುಲಿದು, ಸಾಕೆಟ್ಟಿಗೆ ಬೆಂಕಿಕಡ್ಡಿ ಸಿಕ್ಕಿಸುವುದು. ಹಮ್ಮಿಂಗು ನಿಲ್ಲುತ್ತದೆ. ಗಿಟಾರಿನ ತಂತಿ ಹಿಡಿದ ಗಾಯಕನ ತುಟಿ ಮೈಕಿಗೆ ತಾಗಿದರೆ ಅವನೂ ನಿಲ್ಲಬಹುದು. 1972ರಲ್ಲಿ ಸ್ಟೋನ್ ದ ಕ್ರೋಸ್ ತಂಡದ ಲೆಸ್ಲಿ ಹಾರ್ವೆ ಸತ್ತದ್ದು ಅರ್ಥಿಂಗ್ ಇಲ್ಲದ ಮೈಕು ಮುಟ್ಟಿ, ವೇದಿಕೆಯ ಮೇಲೆಯೇ. ಇದನ್ನು ಹೇಳಿದರೆ ‘ಹಾಂಗೆಲ್ಲ ಎಂತ ಆಗ್ತಿಲ್ಲೆ ಮಾರಾಯ, ನಾಟಕಕ್ಕೂ ಇದೇ ವೈರು’ ಎಂಬ ಉತ್ತರ ಸಿಗುತ್ತದೆ.

ಸೌಂಡಿನವರಿಗೆ ಇನ್ನೊಂದು ಸಂಕಟ. ಗಿಟಾರು ಬೇಕೆಂದೇ ಒರಟಾಗಿ ನುಡಿದರೆ ಅವರು ಓಡಿ ಹೋಗಿ ಸ್ಪೀಕರಿಗೆ ಕಿವಿ ಕೊಡುತ್ತಾರೆ, ಒಳಗಿನ ಕಾಗದದ ಕೋನ್ ಹರಿಯಿತೆಂದು ಗಿಟಾರಿನ ಧ್ವನಿಯನ್ನೇ ಸೊನ್ನೆಗೆ ತರುತ್ತಾರೆ. 1964ರಲ್ಲಿ ಕಿಂಕ್ಸ್ ತಂಡದ ಡೇವ್ ಡೇವಿಸ್ ‘ಯು ರಿಯಲಿ ಗಾಟ್ ಮೀ’ ಹಾಡಿನ ಆ ಧ್ವನಿಗಾಗಿ ತನ್ನ ಸ್ಪೀಕರಿನ ಕೋನನ್ನು ಬ್ಲೇಡಿನಿಂದ ಸೀಳಿದ್ದ. ಇಲ್ಲಿ ಹಾಗೆ ಮಾಡಿದ್ದರೆ ಬಾಡಿಗೆಯ ಅಡ್ವಾನ್ಸ್ ಮುಟ್ಟುಗೋಲಾಗಿ ಆ ದಶಕ ಅಲ್ಲಿಗೇ ಮುಗಿಯುತ್ತಿತ್ತು.

ಇಷ್ಟಾಗಿ ಉಳಿಯುವುದು 21 ನಿಮಿಷ. ಸಮಿತಿಯಲ್ಲಿ ಓದಿಕೊಂಡವರೊಬ್ಬರು ಇದ್ದೇ ಇರುತ್ತಾರೆ. 1985ರ ಲೈವ್ ಏಡ್ ಸಹಾಯಾರ್ಥ ಸಂಗೀತ ಕಾರ್ಯಕ್ರಮದಲ್ಲಿ ಕ್ವೀನ್ ತಂಡಕ್ಕೆ ಸಿಕ್ಕಿದ್ದೂ 21 ನಿಮಿಷವೇ ಅಲ್ಲವೇ ಎಂದು ಕೇಳುತ್ತಾರೆ. ಹೌದು, ಅಷ್ಟರಲ್ಲೇ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣವನ್ನು ಗೆದ್ದರು. ಆದರೆ ಅವರು ಮೊದಲೇ ತಾಲೀಮು ಮಾಡಿ ‘ಬೊಹೀಮಿಯನ್ ರಾಪ್ಸಡಿ’ಯನ್ನು ಅರ್ಧಕ್ಕೆ ಕತ್ತರಿಸಿಕೊಂಡು ಬಂದಿದ್ದರು. ಅದರ ಒಪೆರಾ ಭಾಗವನ್ನು ಅವರೇ ವೇದಿಕೆಯಲ್ಲಿ ಹಾಡುತ್ತಿರಲಿಲ್ಲ, ಟೇಪು ಹಾಕಿ ಒಳಗೆ ಹೋಗುತ್ತಿದ್ದರು.

ಬುದ್ಧಿ ಉಪಯೋಗಿಸಿದರೆ 21 ನಿಮಿಷವೂ ಸಾಲುತ್ತದೆ. ಕಿಂಕ್ಸ್‌ನ ಆ ಹಾಡು 2:14. ಬ್ಲ್ಯಾಕ್ ಸಬ್ಬತ್‌ನ ‘ಪ್ಯಾರನಾಯ್ಡ್’ (1970) 2:48. ರಮೋನ್ಸ್‌ನ ‘ಬ್ಲಿಟ್ಸ್‌ಕ್ರೀಗ್ ಬಾಪ್’ (1976) 2:12. ಎಸಿ/ಡಿಸಿಯ ‘ಬ್ಯಾಕ್ ಇನ್ ಬ್ಲ್ಯಾಕ್’ (1980) 4:15, ನಿರ್ವಾಣದ ‘ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್’ (1991) 5:01, ವೈಟ್ ಸ್ಟ್ರೈಪ್ಸ್‌ನ ‘ಸೆವೆನ್ ನೇಶನ್ ಆರ್ಮಿ’ (2003) 3:51. ಕೂಡಿದರೆ 20:21. ಆದರೆ ಸಮಿತಿಯ ಪಟ್ಟಿಯಲ್ಲಿ ಇದ್ಯಾವುದೂ ಇರುವುದಿಲ್ಲ. ಇರುವುದು ‘ಹೋಟೆಲ್ ಕ್ಯಾಲಿಫೋರ್ನಿಯಾ’, ‘ಸ್ಟೇರ್‌ವೇ ಟು ಹೆವನ್’, ‘ನವೆಂಬರ್ ರೇನ್’. ಮೂರಕ್ಕೇ 23 ನಿಮಿಷ ದಾಟುತ್ತದೆ.

‘ಸ್ಟೇರ್‌ವೇ’ಯಲ್ಲಿ ಡ್ರಮ್ಮು ಬರುವುದು ನಾಲ್ಕು ನಿಮಿಷ ಕಳೆದ ಮೇಲೆ. ಅಷ್ಟರೊಳಗೆ ಖಜಾಂಚಿ ಪಕ್ಕಕ್ಕೆ ಬಂದು, ಸುಮ್ಮನೆ ಕೂತವನಿಗೂ ಪೂರ್ತಿ ಸಂಭಾವನೆಯೇ ಎಂದು ವಿಚಾರಿಸಿರುತ್ತಾರೆ. ‘ಕ್ಯಾಲಿಫೋರ್ನಿಯಾ’ದ್ದು ಇನ್ನೂ ಚಂದ. ಗಾಯನ ಮುಗಿದ ಮೇಲೆ ಎರಡು ಗಿಟಾರುಗಳು ಎರಡು ನಿಮಿಷ ಮಾತಾಡಿಕೊಳ್ಳುವುದೇ ಅದರ ಜೀವ. ನಿರೂಪಕರು ಹಾಡು ಮುಗಿಯಿತೆಂದು ಅಲ್ಲಿಗೇ ನುಗ್ಗಿ, ಎಕೋ ಪೂರ್ತಿ ತಿರುಗಿಸಿದ ಮೈಕಿನಲ್ಲಿ ಜೋರಾದ ಚಪ್ಪಾಳೆ ಕೇಳಿ, ಕೆಎ-30 ನಂಬರಿನ ಬಿಳಿ ಕಾರು ದಾರಿಗೆ ಅಡ್ಡ ನಿಂತಿದೆಯೆಂದು ಪ್ರಕಟಿಸುತ್ತಾರೆ.

ಮುಂದಿನ ಸಾಲಿನ ಸ್ವಯಂಸೇವಕರ ಎದೆಯ ಮೇಲೆ ಮಾತ್ರ ರಾಕ್ ಭದ್ರವಾಗಿದೆ. ಗೋಕರ್ಣದಲ್ಲಿ ಕೊಂಡ ಕಪ್ಪು ಟೀ ಶರ್ಟು, ಅದರಲ್ಲಿ ಬಿಳಿ ಗೆರೆಗಳ ಗುಡ್ಡಸಾಲು. ಅದು ಜಾಯ್ ಡಿವಿಷನ್ ತಂಡದ 1979ರ ಮೊದಲ ಆಲ್ಬಮ್ಮಿನ ಮುಖಪುಟ. ಪಲ್ಸಾರ್ ನಕ್ಷತ್ರವೊಂದರ ರೇಡಿಯೋ ಮಿಡಿತದ ನಕ್ಷೆ. ಕೇಳಿದರೆ ಸಹ್ಯಾದ್ರಿ ಎನ್ನುತ್ತಾರೆ. ಒಬ್ಬೊಬ್ಬರು ಯಾಣ ಎಂದು ಬೆರಳಿಟ್ಟೂ ತೋರಿಸುತ್ತಾರೆ.

ಸರಳ ಉಪಾಯವೊಂದಿದೆ. ಸಭೆ, ರಾಕ್ ಎರಡನ್ನೂ ಒಟ್ಟಿಗೇ ನಡೆಸುವುದು. ಗಣ್ಯರು ಕಾರಿಳಿದು ಗಣ್ಯರ ಕೈಕುಲುಕುತ್ತ ಬರುವಾಗ ಪಿಂಕ್ ಫ್ಲಾಯ್ಡ್‌ನ ‘ಶೈನ್ ಆನ್ ಯು ಕ್ರೇಜಿ ಡೈಮಂಡ್’ ಹಚ್ಚಬಹುದು, ಅದರಲ್ಲಿ ಹಾಡುವ ದನಿ ಬರುವುದೇ ಎಂಟು ನಿಮಿಷ ದಾಟಿದ ಮೇಲೆ. ಹದಿನಾರು ಶಾಲುಗಳಿಗೆ ಅದೇ ತಂಡದ 23 ನಿಮಿಷದ ‘ಎಕೋಸ್’; ಸೌಂಡಿನವರಿಗೂ ಹೆಸರು ಇಷ್ಟವಾಗುತ್ತದೆ. ವಂದನಾರ್ಪಣೆಗೆ ಐರನ್ ಬಟರ್‌ಫ್ಲೈಯ 1968ರ ‘ಇನ್-ಅ-ಗಡ್ಡಾ-ಡ-ವಿಡಾ’, 17 ನಿಮಿಷ. ನಡುವೆ ಉದ್ದನೆಯ ಡ್ರಮ್ ಸೋಲೊ ಇದೆ. ಶಾಮಿಯಾನದವರ, ಜನರೇಟರಿನವರ ಹೆಸರು ಬಿಟ್ಟುಹೋಗಿದ್ದರೆ ಅಲ್ಲಿ ಸೇರಿಸಿಕೊಳ್ಳಬಹುದು.